ಮೂರೂವರೆ ಇಂಚು, ಒಂದು ನೂಲು

ರೂವಿಯ ಹಿಂದಿನ ಗಲ್ಲಿಯಲ್ಲಿ ನನ್ನ ಅಂಗಡಿ.
ಎದುರಿಗೆ ಲಾಂಡ್ರಿ, ಪಕ್ಕದಲ್ಲಿ ಕರಕ್ ಚಾ.
ಇಪ್ಪತ್ತಾರು ವರ್ಷದಿಂದ ಕೊರಳಲ್ಲಿ ಇದೇ ಟೇಪು,
ಮೊದಲ ನಾಲ್ಕು ಅಂಕಿ ಅಳಿಸಿಹೋಗಿವೆ.
ಬೆರಳಿಗೆ ಗೊತ್ತು, ಅಷ್ಟು ಸಾಕು.

ಬೀಬಿ ಜುವೈನಾ ಬಂದದ್ದು ಮಟಮಟ ಮಧ್ಯಾಹ್ನ,
ಮಸ್ಕತ್ತಿಗೆ ಮಸ್ಕತ್ತೇ ಷಟರ್ ಎಳೆದು ಮಲಗಿದ್ದಾಗ.
ಸೊಂಟದಲ್ಲಿ ಸಡಿಲ ಇರಲಿ,
ಒಳಗೊಂದು ಜೇಬು, ಹೊರಗೆ ಕಾಣಬಾರದು, ಎಂದಳು
ಅರ್ಧ ಹಿಂದಿ, ಅರ್ಧ ಅರಬ್ಬಿಯಲ್ಲಿ.
ಎಲ್ಲಿಗೆ ಬೀಬಿ?
ಜಂಜಿಬಾರಿಗೆ.
ಕೈ ಅಗಲಿಸಿ ಅಳತೆ ಕೊಡುತ್ತ ನಿಂತವಳು
ಎಷ್ಟು ದೂರ ಮಾಸ್ಟರ್, ಎಂದು ನನ್ನನ್ನೇ ಕೇಳಿದಳು,
ಟೇಪು ಹಿಡಿದವನಿಗೆ ಎಲ್ಲದರ ಅಳತೆಯೂ
ಗೊತ್ತಿರಬೇಕು ಅನ್ನುವ ಹಾಗೆ.

ಗುಂಡಿ ಹಾಕುವ ಹುಡುಗ ತೌಸೀಫ್ ಫೋನು ತೆಗೆದ:
ಮೂರು ಸಾವಿರದ ಒಂಬೈನೂರು ಕಿಲೋಮೀಟರು,
ಐದೂವರೆ ತಾಸು,
ಇಳಿದ ಮೇಲೆ ಗಡಿಯಾರ ಒಂದು ತಾಸು ಹಿಂದಕ್ಕೆ.
ಬೀಬಿ ನಕ್ಕಳು. ನಾವು ಹಡಗಲ್ಲಿ ಬರುವಾಗ
ಹನ್ನೊಂದು ರಾತ್ರಿ. ನನಗೆ ಏಳು ವರ್ಷ.
ಅಮ್ಮ ಹಗಲನ್ನು ಲೆಕ್ಕಕ್ಕೆ ಹಿಡಿಯಲೇ ಇಲ್ಲ.

ಫೋನಿನ ನಕಾಶೆಯಲ್ಲಿ ದಾರಿ ಚೂರು ಬಾಗಿತ್ತು.
ಪೈಲಟ್ಟು ಸೊಟ್ಟ ಯಾಕೆ ಹೋಗುತ್ತಾನೆ, ಎಂದ ತೌಸೀಫ್.
ಮಾರಾಯ, ಹಾಸಿದ ಬಟ್ಟೆಯಲ್ಲಿ ಎಳೆದ ಗೆರೆ
ದುಂಡು ಭುಜ ಹತ್ತುವಾಗ ಹಾಗೇ ಇರುತ್ತದೇನೋ?
ತೋಳು ಕೂಡಿಸುವವನಿಗೆ
ಇದನ್ನು ಶಾಲೆಯಲ್ಲಿ ಕಲಿಸಬೇಕಿಲ್ಲ.

ಲಾಂಡ್ರಿಯವನ ಮಗಳ ಗ್ಲೋಬು ತರಿಸಿದೆ.
ಸೀಮೆಸುಣ್ಣದ ಚುಕ್ಕೆ ಇಲ್ಲೊಂದು, ಅಲ್ಲೊಂದು,
ನಡುವೆ ಟೇಪು:
ಮೂರೂವರೆ ಇಂಚು, ಮೇಲೆ ಒಂದು ನೂಲು.
ಕೈಕೂಸಿನ ಕೊರಳಪಟ್ಟಿಗೂ ಸಾಲದು.

ನಿನ್ನದೆಷ್ಟು ಜಟ್ಟಪ್ಪ, ಎಂದು
ಟೇಪನ್ನು ತಾನೇ ಪೂರ್ವಕ್ಕೆ ತಿರುಗಿಸಿದಳು.
ಎರಡಿಂಚು. ಮೂರು ತಾಸೂ ಇಲ್ಲ.
ಹಾಗಾದರೆ ಊಟಕ್ಕೆ ಹೋಗಿ ಬರಬಹುದಲ್ಲ!
ಹೌದು ಬೀಬಿ, ಎಂದೆ.
ಬಜ್ಪೆಯಲ್ಲಿ ಇಳಿದು ಶಿರಾಲಿಗೆ ಹೋಗುವ ಬಸ್ಸು
ವಿಮಾನಕ್ಕಿಂತ ಹೆಚ್ಚು ಹೊತ್ತು ತಿನ್ನುವುದನ್ನು ಹೇಳಲಿಲ್ಲ.
ಪಾಸ್‌ಪೋರ್ಟು ಅರಬಾಬನ ಡ್ರಾಯರಿನಲ್ಲಿದ್ದ
ಮೊದಲ ನಾಲ್ಕು ವರ್ಷದ ಮಾತೂ ಎತ್ತಲಿಲ್ಲ.
ಹೊಲಿಗೆಯೊಳಗೆ ಮಡಿಚಿ ಬಿಟ್ಟ ಬಟ್ಟೆಯನ್ನು
ಯಾರೂ ಅಳೆಯುವುದಿಲ್ಲ.
ಅಂಗಿ ನಿಂತಿರುವುದು ಮಾತ್ರ ಅದರ ಮೇಲೆಯೇ.

ಹದಿನೈದು ದಿನಕ್ಕೆಂದು ಹೋದವಳು
ಆರನೆಯ ದಿನ ಅಂಗಡಿಯಲ್ಲಿ.
ಜೇಬು ಬಿಚ್ಚು, ಎಂದಳು.
ಅದರಲ್ಲೇನಿತ್ತೆಂದು ನಾನು ಕೇಳಲಿಲ್ಲ.
ಸ್ಟೂಲಿನಲ್ಲಿ ಕೂತು ತಾನಾಗಿ ಶುರುಮಾಡಿದಳು:
ಮನೆಯಿಂದ ಬಂದರಿಗೆ ಅರ್ಧ ದಿನದ ದಾರಿ ಅಂತ
ಮಕ್ಕಳಿಗೆ ಹೇಳಿದೆ, ಮೊಮ್ಮಕ್ಕಳಿಗೆ ಹೇಳಿದೆ.
ಅಮ್ಮ ನನ್ನ ಕೈ ಎಳೆದುಕೊಂಡು ಓಡಿದ ರಾತ್ರಿ
ಆ ಬೀದಿ ಮುಗಿಯಲೇ ಇಲ್ಲ ಮಾಸ್ಟರ್.
ಈಗ ಎಣಿಸಿದೆ.
ಇನ್ನೂರ ಹದಿನಾಲ್ಕು ಹೆಜ್ಜೆ,
ಅದೂ ಈ ಮೊಣಕಾಲಿನ ಹೆಜ್ಜೆ.
ಮೂರು ದಿನ, ಮೂರು ಸಲ ಎಣಿಸಿದೆ.
ಆಮೇಲೆ ಅಲ್ಲಿ ಮಾಡುವುದಕ್ಕೇನಿತ್ತು?

ನಾನು ಬ್ಲೇಡಿನಿಂದ ಒಂದೊಂದೇ ಎಳೆ ಬಿಡಿಸಿದೆ.
ಸೂಜಿಯ ತೂತು ಸಾಲಾಗಿ ಉಳಿದವು.
ನೀರು ಚಿಮುಕಿಸಿ ಇಸ್ತ್ರಿ ಹಾಕಿದರೆ ಹೋಗುತ್ತವೆ, ಎಂದೆ.
ಇರಲಿ ಬಿಡು, ಎಂದಳು.
ಅರ್ಧ ರಿಯಾಲು ಹೆಚ್ಚೇ ಇಟ್ಟುಹೋದಳು.

ಸಂಜೆ ಲಾಂಡ್ರಿಯವನ ಮಗಳು ಗ್ಲೋಬು ಹಿಡಿದು ಬಂದು
ಗಲೀಜು ಮಾಡಿಟ್ಟಿದ್ದೀರಿ, ಎಂದು ಜಗಳ ತೆಗೆದಳು.
ಹೆಬ್ಬೆರಳಿಗೆ ಎಂಜಲು ಹಚ್ಚಿ
ನನ್ನೆದುರಿಗೇ ತಿಕ್ಕಿ ತಿಕ್ಕಿ ಒರೆಸಿದಳು.
ಮೂರು ಚುಕ್ಕೆಯೂ ಹೋದವು.
ನಡುವಿನ ಕಡಲಲ್ಲಿ
ಬಿಳಿ ಮಾತ್ರ ಇನ್ನೂ ಸ್ವಲ್ಪ ಮೆತ್ತಿಕೊಂಡಿದೆ.